ವೇಷದೊಳಗಿನ ಮುಖ

ಜಾತ್ರೆಗೆ ಹೋದವರು ಬೆಂಡು, ಬತ್ತಾಸು, ಒಂದಿಷ್ಟು ಪುರಿ, ಮಕ್ಕಳಿಗೊಂದು ಪೀಪಿ, ಮನೆಯಾಕೆಗೊಂದು ಡಜನ್ ಗಾಜಿನ ಬಳೆ, ಇಷ್ಟನ್ನು ಗಂಟುಕಟ್ಟಿಕೊಂಡು ಹಿಂದಿರುಗುತ್ತಿದ್ದ ಕಾಲವೊಂದಿತ್ತು. ಈಗ ಆ ಗಂಟಿನ ಜೊತೆಗೆ ಇನ್ನೂರು ಮುನ್ನೂರು ಛಾಯಾಚಿತ್ರಗಳೂ ಮನೆಗೆ ಬರುತ್ತವೆ. ಬತ್ತಾಸು ಮೂರು ದಿನಗಳಲ್ಲಿ ಮುಗಿದುಹೋಗುತ್ತದೆ. ಚಿತ್ರಗಳು ಮುಗಿಯುವುದಿಲ್ಲ, ಆದರೆ ಅವನ್ನು ಎರಡನೆಯ ಸಲ ಯಾರೂ ನೋಡುವುದೂ ಇಲ್ಲ. ಹೀಗೇಕೆಂಬುದನ್ನು ತಿಳಿಯಬೇಕಾದರೆ ಅವುಗಳಲ್ಲೊಂದನ್ನು ತೆಗೆದು ಸಾವಧಾನವಾಗಿ ದಿಟ್ಟಿಸಿದರೆ ಸಾಕು. ವೀರಗಾಸೆಯವನೊಬ್ಬ ಅಲ್ಲಿ ನಿಂತಿದ್ದಾನೆ. ತಲೆಯ ಮೇಲಿನ ಬಿಳಿಯ ಕೇಶರಾಶಿ ಹೊಳೆಯುತ್ತಿದೆ. ಕೊರಳಿನ ರುದ್ರಾಕ್ಷಿಗಳನ್ನು ಒಂದೊಂದಾಗಿ ಎಣಿಸಬಹುದು. ವೀರಭದ್ರನ ಹಲಗೆ ಝಗಝಗಿಸುತ್ತಿದೆ. ಹಿರಿದ ಕತ್ತಿಯ ಅಲಗಿನಲ್ಲಿ ಆಕಾಶವೇ ಇಳಿದು ಬಂದಿದೆ. ಕಾಣದಿರುವುದು ಒಂದೇ: ಅವನ ಕಣ್ಣು. ಕಣ್ಣಿರಬೇಕಾದ ಎಡೆಯಲ್ಲಿ ಎರಡು ಕಪ್ಪು ಗುಳಿಗಳಿವೆ. ವೇಷ ಬಂದಿದೆ, ಮನುಷ್ಯ ಬಂದಿಲ್ಲ.

ಇದಕ್ಕೆ ಮೊದಲನೆಯ ಹೊಣೆಗಾರ ಸೂರ್ಯ. ಹಳೆಯ ಮೈಸೂರು ಸೀಮೆಯಲ್ಲಿ ಊರ ಜಾತ್ರೆಗಳು ಬಹುಮಟ್ಟಿಗೆ ನಡೆಯುವುದು ಸಂಕ್ರಾಂತಿಯಿಂದೀಚೆಗೆ, ಸುಗ್ಗಿ ಮುಗಿದು ಮುಂಗಾರು ಹಿಡಿಯುವುದರೊಳಗೆ. ನಂಜನಗೂಡಿನ ದೊಡ್ಡ ಜಾತ್ರೆ ಬರುವುದು ಮಾರ್ಚ್-ಏಪ್ರಿಲ್ ಸುಮಾರಿಗೆ. ಮೇಲುಕೋಟೆಯ ವೈರಮುಡಿಯೂ ಅದೇ ಸುಮಾರಿಗೆ. ಅದು ಒಕ್ಕಲು ಮಕ್ಕಳಿಗೆ ಬಿಡುವಿನ ಕಾಲ. ಸೂರ್ಯನಿಗೆ ಮಾತ್ರ ಬಿಡುವಿಲ್ಲದ ಕಾಲ. ಫೆಬ್ರವರಿಯ ನಡುವಿನಲ್ಲಿಯೇ ಬೆಂಗಳೂರಿನ ನಡುಹಗಲ ಸೂರ್ಯ ದಿಗಂತದಿಂದ 64 ಡಿಗ್ರಿಯಷ್ಟು ಮೇಲಿರುತ್ತಾನೆ; ಏಪ್ರಿಲ್ 24ರ ಹೊತ್ತಿಗೆ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ; ನೆಟ್ಟಗೆ ನಿಂತ ಕಂಬಕ್ಕೂ ನಡುಹಗಲಿನಲ್ಲಿ ನೆರಳಿರುವುದಿಲ್ಲ. ಮೇಲಿನಿಂದ ಸುರಿಯುವ ಇಂಥ ಬೆಳಕಿಗೆ ಹುಬ್ಬೇ ಸೂರಾಗಿ ಕಣ್ಣನ್ನು ಮರೆಮಾಡುತ್ತದೆ. ಮೂಗಿನ ನೆರಳು ತುಟಿಯ ಮೇಲೆ ಮೀಸೆಯಂತೆ ಬೀಳುತ್ತದೆ. ಬರಿದಲೆಯವನ ಪಾಡೇ ಹೀಗಿರುವಲ್ಲಿ, ಮೊಳದುದ್ದದ ಶಿರೋಭೂಷಣವನ್ನು ಹೊತ್ತು ಕುಣಿಯುವವನ ಪಾಡು ಹೇಳತಕ್ಕದ್ದೇನು?

ಎದುರಿಗೆ ನಿಂತು ನೋಡುವವನಿಗೆ ಈ ತೊಂದರೆ ತಿಳಿಯುವುದೇ ಇಲ್ಲ. ಮನುಷ್ಯನ ಕಣ್ಣು ಬಲು ಉದಾರಿ. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಹಾಯುತ್ತ ತನಗೆ ಬೇಕಾದುದನ್ನು ಆಯ್ದುಕೊಂಡು, ಉಳಿದುದನ್ನು ಮನಸ್ಸಿನಿಂದ ತುಂಬಿಕೊಳ್ಳುತ್ತದೆ. ಕ್ಯಾಮೆರಾ ಶ್ಯಾನುಭೋಗನ ಹಾಗೆ: ಇದ್ದುದನ್ನು ಇದ್ದಂತೆ ಬರೆಯುತ್ತದೆ, ದಾಕ್ಷಿಣ್ಯವಿಲ್ಲ. ನಿಚ್ಚಳ ಬಿಸಿಲಿಗೂ ಬಯಲಂಚಿನ ನೆರಳಿಗೂ ನಡುವೆ ಬೆಳಕಿನ ಅಂತರ ಸುಮಾರು ಎಂಟು ಪಾಲು. ಬಿಳಿಯ ಕೇಶರಾಶಿಗೆ ಲೆಕ್ಕ ಸರಿಪಡಿಸಿದರೆ ಮುಖ ಮಸಿಯಾಗುತ್ತದೆ; ಮುಖಕ್ಕೆ ಸರಿಪಡಿಸಿದರೆ ಕೇಶರಾಶಿ ಸುಣ್ಣದ ಗೋಡೆಯಾಗುತ್ತದೆ. ಇಂದಿನ ಮೊಬೈಲುಗಳು ಒಂದೇ ಉಸಿರಿನಲ್ಲಿ ಹಲವು ಚಿತ್ರಗಳನ್ನು ತೆಗೆದು, ಒಂದರ ನೆರಳನ್ನೂ ಇನ್ನೊಂದರ ಬಿಸಿಲನ್ನೂ ಹೊಲಿದು ಕೊಡುವಷ್ಟು ಜಾಣತನವನ್ನು ಕಲಿತಿವೆ, ನಿಜ. ಆದರೆ ಆ ಜಾಣತನ ಕತ್ತಲನ್ನು ತಿಳಿಮಾಡೀತೇ ಹೊರತು ಬೆಳಕಿನ ದಿಕ್ಕನ್ನು ಬದಲಿಸಲಾರದು. ಗುಳಿಬಿದ್ದ ಕಣ್ಣು ಕಪ್ಪಗಿದ್ದದ್ದು ಬೂದಿಬಣ್ಣದ್ದಾಗುತ್ತದೆ, ಅಷ್ಟೆ.

ಹವ್ಯಾಸಿ ಛಾಯಾಗ್ರಾಹಕನು ಈ ಕೊರತೆಯನ್ನು ಕಂಡುಕೊಂಡ ಕೂಡಲೇ ಸಾಮಾನ್ಯವಾಗಿ ಮಾಡುವುದು ಒಂದು ಕೆಲಸ. ಹೆಚ್ಚು ಬೆಲೆಯ ಮಸೂರವನ್ನು ಕೊಳ್ಳುವುದು. ಅಂಗಡಿಯವನಿಗೆ ಇದರಿಂದ ಉಪಕಾರವಾಗುತ್ತದೆ. ಚಿತ್ರಕ್ಕೆ ಆಗುವ ಉಪಕಾರ ಅಲ್ಪ. ಮುಂದಿನ ಜಾತ್ರೆಯಲ್ಲಿ ಅದೇ ನಡುಹಗಲು, ಅದೇ ಬಯಲು. ಕಪ್ಪು ಗುಳಿಗಳು ಇನ್ನೂ ಸ್ಪಷ್ಟವಾಗಿ ಮೂಡುತ್ತವೆ.

ಬೇಕಾದುದು ಮಸೂರವಲ್ಲ, ಮೂರು ಹೆಜ್ಜೆ. ಜಾತ್ರೆ ನಡೆಯುವ ಎಡೆಯಲ್ಲಿ ಗುಡಿಯೊಂದು ಇದ್ದೇ ಇರುತ್ತದೆ. ಗುಡಿಗೊಂದು ಮುಖಮಂಟಪ, ಇಲ್ಲವೆ ತೇರುಮನೆಯ ಬಾಗಿಲು, ಅದೂ ಇಲ್ಲದಿದ್ದರೆ ಅರಳಿಕಟ್ಟೆ. ವೇಷಧಾರಿಯನ್ನು ಮಂಟಪದ ಒಳಗೆ ಕತ್ತಲಿಗೆ ಕರೆದೊಯ್ಯಬಾರದು. ಬಿಸಿಲು ಮುಗಿದು ನೆರಳು ಮೊದಲಾಗುವ ಗೆರೆಯಿದೆಯಲ್ಲ, ಅದರಿಂದ ಒಂದೆರಡು ಹೆಜ್ಜೆ ಒಳಗೆ, ಮುಖವನ್ನು ಹೊರಗಿನ ಬಯಲಿಗೆ ತಿರುಗಿಸಿ ನಿಲ್ಲಿಸಬೇಕು. ಆಗ ನೋಡಬೇಕು ಬೆಳಕಿನ ಸೌಜನ್ಯವನ್ನು! ತಲೆಯ ಮೇಲೆ ಕಲ್ಲಿನ ಚಪ್ಪಡಿಯಿರುವುದರಿಂದ ಸೂರ್ಯ ಮೇಲಿನಿಂದ ಇಳಿಯಲಾರ. ಬಿಸಿಲು ಕಾದ ನೆಲದ ಮೇಲೆ ಬಿದ್ದು, ಅಲ್ಲಿಂದ ಪುಟಿದು, ಮೆತ್ತಗಾಗಿ, ಎದುರಿನಿಂದಲೂ ಕೆಳಗಿನಿಂದಲೂ ಮುಖವನ್ನು ಬಂದು ಸೇರುತ್ತದೆ. ಶಿರೋಭೂಷಣದ ಕೆಳಗೆ ಅಡಗಿದ್ದ ಕಣ್ಣುಗಳು ಒಮ್ಮೆಗೇ ಹೊರಬರುತ್ತವೆ. ಒಂದೊಂದು ಪಾಪೆಯಲ್ಲೂ ಬಯಲಿನ ಬೆಳಕಿನ ಚಿಕ್ಕದೊಂದು ಕಿಟಕಿ ಮೂಡುತ್ತದೆ. ಚಿತ್ರದೊಳಗಿನವನು ಜೀವಂತನೆಂದು ನೋಡುವವನಿಗೆ ಅನ್ನಿಸುವುದು ಆ ಕಿಟಕಿಯಿಂದಲೇ. ನೆಲ ಕೆಮ್ಮಣ್ಣಿನದಾದರೆ ಮುಖಕ್ಕೆ ಸಂಜೆಯ ಬಣ್ಣ ಏರುತ್ತದೆ. ಕಲ್ಲು ಹಾಸಿದ್ದರೆ ಬೆಳಕು ಬೆಳ್ಳಗಿರುತ್ತದೆ. ಹಿಂದೆ ಮಂಟಪದ ಕತ್ತಲು ಕಪ್ಪು ಪರದೆಯಂತೆ ತಾನಾಗಿ ಇಳಿಬಿದ್ದಿರುತ್ತದೆ.

ಅಂಕೆಗಳಲ್ಲಿ ಹೇಳಬೇಕೆಂದರೆ, ಐಎಸ್‌ಒ 100ರಲ್ಲಿ ನಿಚ್ಚಳ ಬಿಸಿಲಿಗೆ ಎಫ್ 11, ಸೆಕೆಂಡಿನ 1/200 ಭಾಗ ಸಾಕಾಗುವಲ್ಲಿ, ಈ ನೆರಳಂಚಿಗೆ ಅದೇ ವೇಗದಲ್ಲಿ ಎಫ್ 4ರಷ್ಟು ದ್ವಾರವನ್ನು ತೆರೆಯಬೇಕಾಗುತ್ತದೆ. ಹಾಗೆ ತೆರೆಯುವುದರಿಂದ ಹಿನ್ನೆಲೆಯೂ ಮಸುಕಾಗುವುದು ಇನ್ನೊಂದು ಲಾಭ. ಮಾಪಕವನ್ನು ಕುರುಡಾಗಿ ನಂಬುವಂತಿಲ್ಲ: ಬಿಳಿಯ ಉಡುಪು ಚೌಕಟ್ಟನ್ನು ತುಂಬಿದರೆ ಅದು ಬೆದರಿ ಚಿತ್ರವನ್ನು ಕಪ್ಪಾಗಿಸುತ್ತದೆ, ಕತ್ತಲ ಮಂಟಪ ತುಂಬಿದರೆ ಕರುಣೆತೋರಿ ಮುಖವನ್ನು ಬಿಳಿಚಿಸುತ್ತದೆ. ಕೆನ್ನೆಯ ಮೇಲಿನ ಬೆಳಕನ್ನೇ ಅಳೆಯುವುದು ಮೇಲು. ಶಾಮಿಯಾನದ ನೆರಳೂ ನೆರಳೇ ತಾನೆ ಎಂದು ಅದರ ಕೆಳಗೆ ನಿಲ್ಲಿಸಿದರೆ ಮೋಸಹೋಗಬೇಕಾಗುತ್ತದೆ. ಕೆಂಪು ಬಟ್ಟೆಯ ಕೆಳಗೆ ವಿಭೂತಿಯೂ ಕುಂಕುಮವಾಗುತ್ತದೆ. ದಟ್ಟ ಎಲೆಗಳ ಕೆಳಗೆ ಭಕ್ತನ ಮುಖ ಹಸುರೇರಿ ವಾಂತಿಭೇದಿಯ ರೋಗಿಯಂತೆ ಕಾಣುತ್ತದೆ.

ನೆರಳೇ ಇಲ್ಲದ ಬಯಲಾದರೆ? ಆಗ ಸೂರ್ಯನನ್ನು ವೇಷಧಾರಿಯ ಬೆನ್ನ ಹಿಂದಕ್ಕೆ ಹಾಕಿ, ಹೆಗಲ ಮೇಲಿನ ಬಿಳಿಯ ಪಂಚೆಯೊಂದನ್ನು ಸ್ನೇಹಿತನಿಂದ ಎದುರಿಗೆ ಹಿಡಿಸಿ, ಬೆಳಕನ್ನು ಮುಖಕ್ಕೆ ಹಿಂದಿರುಗಿಸಬೇಕು. ಫ್ಲಾಷ್ ಇದ್ದವರು ಅದನ್ನು ಬಲಗುಂದಿಸಿ, ಇದೆಯೋ ಇಲ್ಲವೋ ಎಂಬಷ್ಟು ಮಾತ್ರ ಹಾಯಿಸಬೇಕು. ಪೂರ್ತಿ ಬಲದಿಂದ ಹಾಯಿಸಿದರೆ ವೀರಭದ್ರನು ಮದುವೆಮನೆಯ ಬೀಗರ ಸಾಲಿಗೆ ಸೇರಿಬಿಡುತ್ತಾನೆ. ಮೊಬೈಲಿನವರಿಗೆ ಇನ್ನೊಂದು ಮಾತು: ಎರಡಡಿಯ ದೂರದಿಂದ ತೆಗೆದರೆ ಮೂಗು ದಪ್ಪವಾಗಿ, ಕಿವಿ ಹಿಂದೆ ಸರಿದು, ಕಿರೀಟ ಕುಗ್ಗುತ್ತದೆ. ಆರೇಳು ಅಡಿ ಹಿಂದೆ ನಿಂತು ಎರಡು ಪಟ್ಟಿನ ಅಥವಾ ಮೂರು ಪಟ್ಟಿನ ಮಸೂರವನ್ನು ಬಳಸುವುದು ಮುಖಕ್ಕೆ ಮರ್ಯಾದೆ. ಯಂತ್ರವೇ ಹಿನ್ನೆಲೆಯನ್ನು ಮಸುಕುಮಾಡುವ ಚಮತ್ಕಾರವನ್ನಂತೂ ನವಿಲುಗರಿ, ಚವರಿ ಕೂದಲು ಇರುವಲ್ಲಿ ನಂಬಬಾರದು. ಎಷ್ಟೋ ಸಲ ಕತ್ತರಿ ಗೊತ್ತಿಲ್ಲದ ಕ್ಷೌರಿಕನ ಹಾಗೆ ಅರ್ಧ ಗರಿಗಳನ್ನು ಕತ್ತರಿಸಿಬಿಡುತ್ತದೆ.

ಇಲ್ಲಿಯವರೆಗಿನದು ಬೆಳಕಿನ ಮಾತು. ಆದರೆ ಆ ಮೂರು ಹೆಜ್ಜೆಗಳಲ್ಲಿ ಇನ್ನೊಂದು ಸಂಗತಿ ಅಡಗಿದೆ. ದೂರದಲ್ಲಿ ನಿಂತು, ಉದ್ದನೆಯ ಮಸೂರದಿಂದ ಗುರಿಯಿಟ್ಟು, ಹಕ್ಕಿ ಹೊಡೆಯುವವನಂತೆ ಚಿತ್ರ ತೆಗೆಯುವವನಿಗೆ ಮಾತಿನ ಅವಶ್ಯಕತೆಯಿಲ್ಲ. “ಸ್ವಲ್ಪ ಈ ನೆರಳಿಗೆ ಬರುತ್ತೀರಾ?” ಎಂದು ಕೇಳಬೇಕಾದವನು ಬಾಯಿ ತೆರೆಯಲೇಬೇಕು. ಬಾಯಿ ತೆರೆದ ಮೇಲೆ ಯಾವ ಊರು ಎಂಬ ಪ್ರಶ್ನೆ ಬರುತ್ತದೆ. ಊರಿನ ಹಿಂದೆಯೇ ಹೆಸರು, ಹೆಸರಿನ ಹಿಂದೆಯೇ ಈ ಕುಣಿತ ಯಾರಿಂದ ಬಂದದ್ದು, ಈ ಹಲಗೆಯನ್ನು ಯಾರು ಮಾಡಿದ್ದು ಎಂಬ ಮಾತು. ಅಷ್ಟು ಹೊತ್ತಿಗೆ ವೀರಗಾಸೆಯವನು ಕತ್ತಿಯನ್ನು ಕಂಬಕ್ಕೆ ಒರಗಿಸಿ, ಹಣೆಯ ಬೆವರನ್ನು ಒರಸಿಕೊಂಡು, ಒಂದು ಲೋಟ ನೀರು ಕುಡಿದಿರುತ್ತಾನೆ. ದಕ್ಷಯಜ್ಞವನ್ನು ಧ್ವಂಸಮಾಡುವ ಆರ್ಭಟ ಮುಖದಿಂದ ಇಳಿದಿರುತ್ತದೆ. ಹೊಲದಲ್ಲಿ, ಅಂಗಡಿಯಲ್ಲಿ, ಗಾರೆಕೆಲಸದಲ್ಲಿ ದುಡಿಯುವ ಗೃಹಸ್ಥನ ಮುಖ ಮೇಲೆ ಬಂದಿರುತ್ತದೆ. ಒಡಪು ಹೇಳುವಾಗಿನ ರೌದ್ರವೂ ಈ ವಿಶ್ರಾಂತಿಯೂ ಒಂದೇ ಮುಖದ ಮೇಲೆ ಕೂಡಿರುವ ಆ ಗಳಿಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಸಂಬಾಳದ ಸದ್ದು ಕೇಳಿಸಿದರೆ ಅವನು ಎದ್ದು ಹೊರಟುಹೋಗುತ್ತಾನೆ. ಒಳ್ಳೆಯ ಭಾವಚಿತ್ರಗಳು ಬಹುತೇಕ ಹುಟ್ಟುವುದು ಆ ಗಳಿಗೆಯಲ್ಲಿ.

ಮಾತನಾಡಿಸದೆ ತೆಗೆದ ಚಿತ್ರಗಳ ಪರಂಪರೆಯೇನೂ ಸಣ್ಣದಲ್ಲ. 1868ರಿಂದ 1875ರವರೆಗೆ ಲಂಡನ್ನಿನಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳು ಪ್ರಕಟವಾದುವು. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಅವುಗಳ ಸಂಪಾದಕರು. ಭರತಖಂಡದ ನಾನಾ ಜನರ ಛಾಯಾಚಿತ್ರಗಳು ಅಲ್ಲಿವೆ. ಚಿತ್ರದ ಕೆಳಗೆ ಸಾಮಾನ್ಯವಾಗಿ ಇರುವುದು ಜಾತಿ, ಬುಡಕಟ್ಟು, ಸೀಮೆ, ಹೆಸರಿರುವುದು ಅಪರೂಪ. ಉಡುಪನ್ನು ಬೇಕಾದಷ್ಟು ನೋಡಬಹುದು. ಅಂದು ಅದು ಆಳುವವರ ಕುತೂಹಲವಾಗಿತ್ತು. ಇಂದು ಆಳುವವರು ಯಾರೂ ಇಲ್ಲದೆಯೂ, “ಜಾನಪದ ಕಲಾವಿದ” ಎಂಬ ಎರಡೇ ಪದಗಳನ್ನು ಅಂಟಿಸಿ ಚಿತ್ರವನ್ನು ಊರೆಲ್ಲ ಹಂಚುವ ಹವ್ಯಾಸಿಯು ಆ ಎಂಟು ಸಂಪುಟಗಳಿಗೆ ಒಂಬತ್ತನೆಯದನ್ನು ಸೇರಿಸುತ್ತಿದ್ದಾನೆಂದರೆ ಅವನಿಗೆ ಕೋಪ ಬಂದೀತು, ಬರಲಿ.

ನೆರಳನ್ನು ಹುಡುಕುವ ಬದಲು ನೆರಳನ್ನೇ ಹೊತ್ತುಕೊಂಡು ತಿರುಗಿದ ಛಾಯಾಗ್ರಾಹಕನೂ ಒಬ್ಬನಿದ್ದ. ಅಮೆರಿಕದ ಇರ್ವಿಂಗ್ ಪೆನ್ 1948ರ ಕೊನೆಯಲ್ಲಿ ಪೆರು ದೇಶದ ಕುಸ್ಕೋ ಎಂಬ ಬೆಟ್ಟದೂರಿಗೆ ಹೋದಾಗ, ಅಲ್ಲಿನ ಛಾಯಾಗ್ರಾಹಕನೊಬ್ಬನ ಹಗಲುಬೆಳಕಿನ ಕೊಠಡಿಯನ್ನು ಬಾಡಿಗೆಗೆ ಹಿಡಿದ. ಕ್ರಿಸ್‌ಮಸ್ಸಿಗೆಂದು ಪೇಟೆಗೆ ಬಂದ ಬೆಟ್ಟದ ಜನ ತಮ್ಮ ಉಣ್ಣೆಯ ಹೊದಿಕೆ, ಟೋಪಿಗಳೊಡನೆ ಅಲ್ಲಿಗೆ ಬಂದರೆ, ದುಡ್ಡು ಕೊಡಬೇಕಾದವರು ತಾವಲ್ಲ, ಚಿತ್ರ ತೆಗೆಯುವವನೇ ತಮಗೆ ಕೊಡುತ್ತಾನೆ! ಮುಂದೆ 1967ರಿಂದ 1971ರವರೆಗೆ ಅವನು ದಾಹೋಮಿ, ನೇಪಾಳ, ನ್ಯೂ ಗಿನಿ, ಮೊರಾಕೊ ಮೊದಲಾದ ಕಡೆಗಳಿಗೆ ಬಿಚ್ಚಿ ಕಟ್ಟಬಹುದಾದ ಡೇರೆಯೊಂದನ್ನು ಒಯ್ದು, ಸಾದಾ ಪರದೆಯ ಮುಂದೆ, ಒಂದು ಪಕ್ಕದಿಂದ ಸೋಸಿ ಬರುವ ಹಗಲಿನಲ್ಲಿಯೇ ಜನರನ್ನು ನಿಲ್ಲಿಸಿದ. ಬಣ್ಣ ಬಳಿದುಕೊಂಡವರೂ ಗರಿಯ ಕಿರೀಟ ಇಟ್ಟವರೂ ಅದರೊಳಗೆ ಬಂದು ನಿಂತರು. ಅವರನ್ನು ಅವರ ಊರುಕೇರಿಯಿಂದ ಬೇರ್ಪಡಿಸಿ ಶೋಭೆಯ ವಸ್ತುಗಳನ್ನಾಗಿ ಮಾಡಿದನೆಂದು ಆಕ್ಷೇಪಿಸಿದವರೂ ಉಂಟು. ಆ ಆಕ್ಷೇಪದಲ್ಲಿ ತಿರುಳಿಲ್ಲದೆ ಇಲ್ಲ. ಆದರೂ ಆ ಕಣ್ಣುಗಳನ್ನು ನೋಡಿದವನು ಬೇಗ ಮರೆಯಲಾರ.

ಡೇರೆಯೆಂಬುದು ಕನ್ನಡ ನಾಡಿನ ಜಾತ್ರೆಗೆ ಹೊಸದೇನೂ ಅಲ್ಲ. ಬಣ್ಣದ ಪರದೆಯ ಮೇಲೆ ತಾಜಮಹಲು, ಹಲಗೆಯಲ್ಲಿ ಕೊರೆದ ವಿಮಾನ, ಅರ್ಧಚಂದ್ರ, ಇವುಗಳ ನಡುವೆ ಹೊಸ ದಂಪತಿಗಳನ್ನು ಕುಳ್ಳಿರಿಸಿ ಪಟ ತೆಗೆದು ಕೊಡುವ ಫೋಟೋ ಡೇರೆಗಳು ಬಹುಕಾಲ ಜಾತ್ರೆಯ ಸಂಭ್ರಮಗಳಲ್ಲಿ ಒಂದಾಗಿದ್ದುವು. ಅಲ್ಲಿ ಪಟ ತೆಗೆಯಿಸಿಕೊಳ್ಳುವವರು ತಾವಾಗಿ ಹೋಗುತ್ತಿದ್ದರು. ತಲೆ ಬಾಚಿಕೊಂಡು, ಪೌಡರು ಹಾಕಿಕೊಂಡು, ಹೇಗೆ ಕಾಣಬೇಕೆಂಬುದನ್ನು ತಾವೇ ನಿರ್ಣಯಿಸಿಕೊಂಡು ಹೋಗುತ್ತಿದ್ದರು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಡೇರೆಯಿಲ್ಲದೆಯೇ ಬೀದಿಯ ಜನರ ಚಿತ್ರ ತೆಗೆದವರು. 1977ರಲ್ಲಿ ಪದ್ಮಶ್ರೀ ಪಡೆದ ಅವರ ಕಪ್ಪು ಬಿಳುಪಿನ ಚಿತ್ರಗಳಲ್ಲಿನ ಸಾಮಾನ್ಯರು ಬೆದರಿ ನಿಂತವರಂತೆ ಕಾಣುವುದಿಲ್ಲ. ಹತ್ತಿರ ಹೋಗಲು ಅವರಿಗಿದ್ದ ಸಾಧನ ಮುಖ್ಯವಾಗಿ ಮಾತೇ ಇರಬೇಕೆಂದು ಆ ಚಿತ್ರಗಳೇ ಹೇಳುತ್ತವೆ.

ಎಲ್ಲ ವೇಷಗಳೂ ಒಂದೇ ಬಗೆಯವಲ್ಲ. ಹಗಲುವೇಷದವರಿಗೆ ರಂಗಸ್ಥಳವಿಲ್ಲ, ದೀಪವಿಲ್ಲ. ಬೀದಿಯೇ ರಂಗ, ಸೂರ್ಯನೇ ದೀಪ. ಅವರ ಬಣ್ಣಗಾರಿಕೆ ಬಿಸಿಲಿಗೆಂದೇ ಹೊಂದಿಸಿದ್ದು. ನೀಲಿ ಬಳಿದ ರಾಮನೋ ಶಿವನೋ ಚೌಕಟ್ಟನ್ನು ತುಂಬಿ ನಿಂತರೆ, ಬಣ್ಣವನ್ನು ತಾನೇ ಸರಿಪಡಿಸುವ ಯಂತ್ರ ಆ ನೀಲಿಯನ್ನು ದೋಷವೆಂದು ಬಗೆದು ಅಳಿಸಲು ಹೊರಡುತ್ತದೆ. ಆಗ ಅದರ ಕೈಯಿಂದ ಆ ಅಧಿಕಾರವನ್ನು ಕಸಿದುಕೊಂಡು ಹಗಲುಬೆಳಕಿಗೆ ನಿಲ್ಲಿಸಬೇಕು. ಮಂಗಳೂರಿನ ನವರಾತ್ರಿಯ ಹುಲಿವೇಷದವರ ಮೈಯ ಬಣ್ಣ ಮೆರುಗಿನದು. ಬಿಸಿಲು ಬಿದ್ದೆಡೆ ಪಟ್ಟೆಗಳು ಮಾಯವಾಗಿ ಬಿಳಿಯ ಚುಕ್ಕೆಗಳು ಉಳಿಯುತ್ತವೆ. ಅವರ ಚಿತ್ರವನ್ನು ಕುಣಿತಕ್ಕೆ ಮುಂಚೆ, ಬಣ್ಣ ಒಣಗಲೆಂದು ಕೈಗಳನ್ನು ಕೋಲುಗಳ ಮೇಲೆ ಚಾಚಿ ಗಂಟೆಗಟ್ಟಲೆ ನಿಂತಿರುವಾಗಲೇ ತೆಗೆಯಬೇಕು. ಮೈ ಹುಲಿಯದು, ಮುಖ ಇನ್ನೂ ಹುಡುಗನದು. ಹರಕೆ ಹೊತ್ತವನ ದಣಿವೂ ಹೆಮ್ಮೆಯೂ ಅಲ್ಲಿರುತ್ತವೆ. ಇನ್ನು ಗಾರುಡಿಗೊಂಬೆ. ಬಿದಿರಿನ ಆ ಬೃಹದಾಕಾರದ ಮುಖವನ್ನು ಎಲ್ಲರೂ ಚಿತ್ರಿಸುತ್ತಾರೆ. ಆದರೆ ಅದನ್ನು ಹೊತ್ತು ಕುಣಿಯುವವನ ಕಣ್ಣುಗಳು ಇರುವುದು ಗೊಂಬೆಯ ಹೊಟ್ಟೆಯ ಮಟ್ಟದಲ್ಲಿ, ಒಂದು ಚಿಕ್ಕ ಕಿಂಡಿಯ ಹಿಂದೆ. ಕ್ಯಾಮೆರಾವನ್ನು ಅಷ್ಟು ಕೆಳಗಿಳಿಸಿ ಆ ಕಿಂಡಿಯನ್ನು ನೋಡಿದವರು ವಿರಳ.

ಮೈಸೂರಿನ ದಸರೆಯಲ್ಲಿ ಜನ ಕಾಯುವುದು ಅಪರಾಹ್ನದ ಮೆರವಣಿಗೆಗೆ. ಬಲ್ಲವನು ಬೆಳಗ್ಗೆಯೇ ಹೋಗುತ್ತಾನೆ. ನಾನಾ ಜಿಲ್ಲೆಗಳಿಂದ ಬಂದ ತಂಡಗಳು ವೇಷ ಕಟ್ಟಿಕೊಂಡು ತಮ್ಮ ಸರದಿಗಾಗಿ ಗಂಟೆಗಟ್ಟಲೆ ಕುಳಿತಿರುತ್ತವೆ. ಒಬ್ಬನು ಇನ್ನೊಬ್ಬನಿಗೆ ಗೆಜ್ಜೆ ಕಟ್ಟುತ್ತಿರುತ್ತಾನೆ. ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಉಪ್ಪಿಟ್ಟು ತಿನ್ನುತ್ತಿರುತ್ತಾನೆ. ಮೆರವಣಿಗೆ ಹೊರಟ ಮೇಲೆ ಅವರು ಊರಿನವರ ಸೊತ್ತು, ಯಾರನ್ನೂ ನಿಲ್ಲಿಸುವಂತಿಲ್ಲ.

ನಿಲ್ಲಿಸಬಾರದ ಎಡೆಗಳು ಇನ್ನೂ ಉಂಟು. ಕರಾವಳಿಯ ಕೋಲದಲ್ಲಿ ದೈವ ಮೈದುಂಬಿದ ಮೇಲೆ ಅಲ್ಲಿರುವುದು ವೇಷವಲ್ಲ. ಭಕ್ತರಿಗೆ ಅದು ದೈವವೇ. ವೀರಗಾಸೆಯವನು ಶಸ್ತ್ರ ಹಾಕಿಕೊಳ್ಳುವಾಗ “ಸ್ವಲ್ಪ ಈ ಕಡೆ ನೋಡಿ” ಎನ್ನುವ ಧೈರ್ಯ ಯಾವನಿಗಾದರೂ ಇದ್ದರೆ ಅವನನ್ನು ಕಲಾಭಿಮಾನಿಯೆಂದು ಕರೆಯಲು ಬಾಯಿ ಬರುವುದಿಲ್ಲ. ಅಂಥ ವೇಳೆ ಮಸೂರಕ್ಕೆ ಮುಚ್ಚಳ ಹಾಕಿ ಕೈಮುಗಿಯುವುದೇ ಸರಿ. “ಬೇಡ” ಎಂದವನನ್ನು ಗಿಡದ ಮರೆಯಿಂದ ಹಿಡಿಯುವುದೂ ಕಳ್ಳತನದ ಒಂದು ಬಗೆ. ದುಡ್ಡಿನ ವಿಚಾರದಲ್ಲಿ ಸಂಕೋಚ ಪಡಬೇಕಾಗಿಲ್ಲ. ದುಡ್ಡು ಕೊಟ್ಟರೆ ಸಹಜತೆ ಕೆಡುತ್ತದೆಂದು ಹೇಳುವ ಹವ್ಯಾಸಿಗಳು, ಮಸೂರಕ್ಕೆ ಅರವತ್ತು ಸಾವಿರ ಕೊಡುವಾಗ ಯಾವ ಸಹಜತೆಯನ್ನೂ ಎಣಿಸುವುದಿಲ್ಲ. ಹಗಲುವೇಷದವನಿಗೆ ಆ ಹಗಲೇ ಕೂಲಿ. ಅದರಲ್ಲಿ ಹತ್ತು ನಿಮಿಷ ತೆಗೆದುಕೊಂಡವನು ಬೆಲೆ ತೆತ್ತರೆ ಕಲೆಗೇನೂ ಮೈಲಿಗೆಯಾಗದು.

ಇನ್ನುಳಿದುದು ಪ್ರತಿಯ ಮಾತು. “ಕಳಿಸಿಕೊಡುತ್ತೇನೆ” ಎಂಬ ಮಾತು ಜಾತ್ರೆಯಲ್ಲಿ ಬತ್ತಾಸಿಗಿಂತ ಹೆಚ್ಚು ಖರ್ಚಾಗುತ್ತದೆ. ಮೊಬೈಲಿಗೆ ಕಳುಹಿಸಿದ ಚಿತ್ರ ಮೊಬೈಲಿನೊಂದಿಗೇ ಒಡೆದುಹೋಗುತ್ತದೆ. ಕಾಗದದ ಮೇಲೆ, ಎಂಟಕ್ಕೆ ಹತ್ತು ಅಂಗುಲದ್ದಾದರೂ ಅಚ್ಚು ಹಾಕಿಸಬೇಕು, ಹಿಂದೆ ಹೆಸರು, ಊರು, ವರ್ಷವನ್ನು ಬರೆಯಬೇಕು. ವಿಳಾಸ ತಪ್ಪಿಹೋಗಿದ್ದರೂ ಹೆದರಬೇಕಾಗಿಲ್ಲ. ಜಾತ್ರೆ ತಿಥಿ ತಪ್ಪುವುದಿಲ್ಲ. ಮುಂದಿನ ವರ್ಷ ಅದೇ ಹುಣ್ಣಿಮೆಗೆ ಅದೇ ಗುಡಿಯ ಮುಂದೆ ತಂಡ ಬಂದಿರುತ್ತದೆ. ಹೀಗೆ ಪ್ರತಿಯನ್ನು ಒಯ್ದು ಕೊಟ್ಟವರಿಗೆ ಒಂದು ಅನುಭವ ಸಾಮಾನ್ಯವಾಗಿ ಆಗುತ್ತದೆ. ತಂಡದವರೆಲ್ಲ ಸುತ್ತ ನೆರೆದು ಚಿತ್ರವನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ, ನಗುತ್ತಾರೆ, ಕಣ್ಣು ಚೆನ್ನಾಗಿ ಬಂದಿದೆಯೆನ್ನುತ್ತಾರೆ. ಕೊನೆಗೆ ಚಿತ್ರದ ಯಜಮಾನನು ಅದನ್ನು ಚೀಲದೊಳಗಿಟ್ಟುಕೊಂಡು, ಸ್ವಲ್ಪ ತಡೆದು, “ಸ್ವಾಮಿ, ವೇಷ ಬಿಚ್ಚಿ ಮುಖ ತೊಳೆದುಕೊಂಡು ಬರುತ್ತೇನೆ, ಬಿಳಿ ಅಂಗಿ ತಂದಿದ್ದೇನೆ, ಹಾಗೊಂದು ತೆಗೆದುಕೊಡಿ” ಎನ್ನುತ್ತಾನೆ. ಆ ಚಿತ್ರಕ್ಕೂ ಮಂಟಪದ ಅದೇ ನೆರಳಂಚು ಸಾಕು; ಎಫ್ 4, 1/200. ಕಿರೀಟವಿಲ್ಲದ್ದರಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತರೂ ನಡೆಯುತ್ತದೆ.